ತೂಕದಣ್ಣನ ಮಗನಿಗೆ ಬಂದ ಅಂಕ

ನನ್ನದು ಜೆರಾಕ್ಸ್ ಅಂಗಡಿ. ಜನ ತಮ್ಮ ಕಾಗದಗಳನ್ನು ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಲ್ಲುತ್ತಾರೆ, ನಾನು ಓದುವುದಿಲ್ಲ ಎಂಬ ನಂಬಿಕೆಯಿಂದ. ನಾನು ಎಲ್ಲವನ್ನೂ ಓದುತ್ತೇನೆ. ಪಕ್ಕದ ಅಂಗಡಿಯ ತೂಕದಣ್ಣನ ಮಗನ ಕಾಗದಗಳನ್ನಂತೂ ಹದಿನೈದು ವರ್ಷ ಓದಿದ್ದೇನೆ. ಅವನಿಗೆ ಯಾವ ವಯಸ್ಸಿನಲ್ಲಿ ಎಷ್ಟು ಬುದ್ಧಿಯಿತ್ತು ಎಂದು ಸರ್ಕಾರ ಹೇಳಿತೋ ಅದೆಲ್ಲ ನನಗೆ ಬಾಯಿಪಾಠ.

ತೂಕದಣ್ಣ ತಕ್ಕಡಿ ರಿಪೇರಿ ಮಾಡುವವರು. ತರಕಾರಿಯವರ ತಕ್ಕಡಿ, ಗುಜರಿಯವರ ತಕ್ಕಡಿ, ಚಿನ್ನದಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ತಕ್ಕಡಿ, ಎಲ್ಲಕ್ಕೂ ಅವರೇ ವೈದ್ಯರು. ಯಾವುದೇ ತಕ್ಕಡಿ ಬರಲಿ, ಮೊದಲು ಅದರ ಮೇಲೆ ಒಂದು ಕಿಲೋದ ಹಿತ್ತಾಳೆ ತೂಕ ಇಟ್ಟು ನೋಡುವರು. "ತಕ್ಕಡಿ ಸುಳ್ಳು ಹೇಳಲ್ಲ ತಂಗಿ, ಯಾರೋ ಹೇಳ್ಸಿರ್ತಾರೆ" ಎನ್ನುವರು. "ಅಣ್ಣಾ, ನನ್ನ ಹೆಂಡ್ತಿ ಮಾತು ಸ್ವಲ್ಪ ತೂಗಿ ಕೊಡಿ" ಎಂದು ಬೀದಿಯವರು ಛೇಡಿಸಿದರೆ, "ಅಷ್ಟು ದೊಡ್ಡ ತಕ್ಕಡಿ ಇನ್ನೂ ಬಂದಿಲ್ಲಪ್ಪ" ಎಂದು ತಲೆ ಎತ್ತದೆ ಉತ್ತರ ಕೊಡುವರು.

ಮಗನನ್ನು ಎಲ್ಲರೂ ಮರಿ ಎನ್ನುತ್ತಿದ್ದೆವು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ ಬೆಳೆದ ಮೇಲೂ ಅವನು ಮರಿಯೇ. ಅವನ ಬಾಯಲ್ಲಿ ಇದ್ದದ್ದು ಹತ್ತಿಪ್ಪತ್ತು ಮಾತು, ಅದೂ ಅವನಿಗೆ ಬೇಕೆನಿಸಿದಾಗ. ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಎಲ್ಲೋ ಡ್ರಿಲ್ಲಿಂಗ್ ಮೆಷಿನ್ ಸದ್ದಾದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂರುತ್ತಿದ್ದ. ರಸ್ತೆಯಲ್ಲಿ ಗಾಡಿ ಬರುತ್ತದೆ ಎಂಬುದು ಎಷ್ಟು ಹೇಳಿಕೊಟ್ಟರೂ ಅವನ ತಲೆಗೆ ಹೋಗಲಿಲ್ಲ. ಆಟಿಸಂ ಎಂದು ಡಾಕ್ಟರು ಬರೆದುಕೊಟ್ಟಾಗ ಅವನಿಗೆ ನಾಲ್ಕು ವರ್ಷ. ಒಂಬತ್ತಾಗುವಾಗ ತಾಯಿ ತೀರಿಕೊಂಡರು.

ಏಳನೇ ವರ್ಷದಲ್ಲಿ ಅವನ ಬುದ್ಧಿಶಕ್ತಿ ಪರೀಕ್ಷೆಯಾಯಿತು. ಬಂದದ್ದು ಐವತ್ತನಾಲ್ಕು. ಶಾಲೆಯವರು ಆ ಕಾಗದ ನೋಡಿ ಕೈ ಮುಗಿದು ಕಳಿಸಿಬಿಟ್ಟರು. ತೂಕದಣ್ಣ ಅಳಲಿಲ್ಲ. ಅವರ ಕಸುಬಿನಲ್ಲಿ ಕಮ್ಮಿ ತೂಗಿದ್ದೆಲ್ಲ ರಿಪೇರಿಗೆ ಬಂದ ಮಾಲು, ಅಷ್ಟೇ. ಪರೀಕ್ಷೆ ನಡೆಯುವಾಗ ಬಾಗಿಲ ಗಾಜಿನಿಂದ ಅವರು ಇಣುಕಿ ನೋಡಿದ್ದರು. ಮೇಜಿನ ಮೇಲೆ ಕೆಂಪು ಬಿಳಿ ಬಣ್ಣದ ಚೌಕದ ತುಂಡುಗಳು, ಪಕ್ಕದಲ್ಲಿ ಒಂದು ಚಿತ್ರ. ಚಿತ್ರದಲ್ಲಿದ್ದಂತೆ ತುಂಡು ಜೋಡಿಸಬೇಕು, ಮೇಡಂ ಗಡಿಯಾರ ನೋಡುತ್ತಾರೆ. ಮನೆಗೆ ಬಂದವರೇ ಪ್ಯಾಕಿಂಗ್ ಪೆಟ್ಟಿಗೆಯ ಮರ ಕುಯ್ದು ಉಜ್ಜಿ ಒಂಬತ್ತು ತುಂಡು ಮಾಡಿದರು. ಪ್ರತಿಯೊಂದಕ್ಕೂ ಎರಡು ಮೈ ಕೆಂಪು, ಎರಡು ಬಿಳಿ, ಎರಡು ಓರೆಯಾಗಿ ಅರ್ಧರ್ಧ. ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಅಪ್ಪ ಮಗ ಕೌಂಟರಿನಲ್ಲಿ ಕೂರುವರು. ಅಪ್ಪ ಹಳೆಯ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುವರು, ಮಗ ಜೋಡಿಸುವನು. ಮೊದಮೊದಲು ತುಂಡು ಬಾಯಿಗೆ ಹೋಗುತ್ತಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಅವನ ಕೈಚಳಕ ನೋಡಲು ಗಿರಾಕಿಗಳು ನಿಲ್ಲತೊಡಗಿದರು. ಹದಿಮೂರನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ, ಈ ಸಲ ಎಪ್ಪತ್ತೊಂದು. ತೂಕದಣ್ಣ ಬೀದಿಗೆಲ್ಲ ಸಿಹಿ ಹಂಚಿದರು. ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಕೊಟ್ಟವಳು ನಾನೇ. ಹುಡುಗನಿಗೆ ಆಗಲೂ ಅಪ್ಪನೇ ಸ್ನಾನ ಮಾಡಿಸುತ್ತಿದ್ದದ್ದು, ಅಪ್ಪನೇ ಅನ್ನ ಕಲಸಿ ಕೊಡುತ್ತಿದ್ದದ್ದು ನಮಗೆ ಯಾರಿಗೂ ಕಾಣಲಿಲ್ಲ. ಅಂಕ ಏರಿತ್ತಲ್ಲ, ನಾವು ಅದರಲ್ಲೇ ಮೈಮರೆತೆವು.

ತೂಕದಣ್ಣನಿಗೆ ಐವತ್ತೆಂಟಾದಾಗ ಎದೆನೋವು ಬಂತು. ಹೃದಯದ ಅರ್ಧ ಕೆಲಸ ನಿಂತಿದೆ, ವರ್ಷವೋ ಎರಡು ವರ್ಷವೋ ಎಂದರು ಡಾಕ್ಟರು. ಆಸ್ಪತ್ರೆಯಿಂದ ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ನಂದೇನೂ ಇಲ್ಲ ತಂಗಿ. ಇವನಿಗೊಂದು ಜಾಗ ಆಗ್ಬೇಕು, ಅಷ್ಟೇ."

ಜಾಗ ಸಿಕ್ಕಿತು. ಇಂಥವರು ನಲವತ್ತು ಜನ ಇರುವ ವಸತಿಗೃಹ. ಅದನ್ನು ನಡೆಸುವ ಅಮ್ಮ ಮರಿಯನ್ನು ಒಂದು ಇಡೀ ದಿನ ಇಟ್ಟುಕೊಂಡು ನೋಡಿ, ಕಿಟಕಿ ಪಕ್ಕದ ಹಾಸಿಗೆ ತೋರಿಸಿ, "ಇದು ಇವನದು" ಎಂದರು. ಒಂದು ಹೊಸ ಸರ್ಟಿಫಿಕೇಟ್ ತಂದರೆ ಮುಗಿಯಿತು. ತೂಕದಣ್ಣ ಮಗನಿಗೆ ಒಳ್ಳೆ ಬಟ್ಟೆ ಹಾಕಿ ಪರೀಕ್ಷೆಗೆ ಕರೆದುಕೊಂಡು ಹೋದರು. ಹೆಚ್ಚು ಬಂದರೆ ಒಳ್ಳೇ ಮಂಚ ಸಿಗುತ್ತದೆ ಎಂಬ ಲೆಕ್ಕ ಅವರದು. ಎಂಬತ್ತೆರಡು ಬಂತು. ವಾರದಲ್ಲಿ, ಪ್ರವೇಶ ಮಂಜೂರು ಮಾಡುವ ಸರ್ಕಾರಿ ಆಫೀಸಿನಿಂದ ಅರ್ಜಿ ವಾಪಸು ಬಂತು: ಎಪ್ಪತ್ತಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ ಪ್ರವೇಶ.

ಪರೀಕ್ಷೆಯ ಮೇಡಂ ಕೆಟ್ಟವರಲ್ಲ. ತೂಕದಣ್ಣ ಅವರನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಕಾಗದ ಬಿಡಿಸಿ ತೋರಿಸಿದರು. ಮಾತು, ಅರ್ಥ ಮಾಡಿಕೊಳ್ಳುವುದು, ದಿನದ ವ್ಯವಹಾರ, ಎಲ್ಲ ಪಾತಾಳದಲ್ಲಿ. ತುಂಡು ಜೋಡಿಸುವುದೊಂದು ಆಕಾಶದಲ್ಲಿ.

"ಇಂಥ ಮಕ್ಕಳಲ್ಲಿ ಹೀಗೆ ಏರುಪೇರು ಇರುತ್ತೆ. ಎಲ್ಲ ಸೇರಿಸಿ ಒಂದು ಅಂಕ ಮಾಡಿದ್ರೆ ಅದಕ್ಕೆ ಅರ್ಥವೇ ಇರಲ್ಲ. ನಾನು ಹಾಗಂತ ಬರೆದೂ ಇದ್ದೀನಿ. ಆಫೀಸಿನವರು ನೋಡೋದು ಕೊನೇ ಚೌಕ ಮಾತ್ರ."

ತೂಕದಣ್ಣನಿಗೆ ಅದು ನಮಗಿಂತ ಬೇಗ ಅರ್ಥವಾಯಿತು. "ಹತ್ತಿನೂ ಕಬ್ಬಿಣನೂ ಒಟ್ಟಿಗೆ ಸುರಿದು ತೂಗಿದ ಹಾಗೆ" ಎಂದರು. ಕಾಗದವನ್ನು ಮಡಚುತ್ತಾ, "ಮೇಡಂ, ಆ ತುಂಡು ಜೋಡ್ಸೋದನ್ನ ಹೇಳ್ಕೊಟ್ಟಿದ್ದು ನಾನೇ" ಎಂದರು. ಮೇಡಂ ತಲೆಗೆ ಕೈ ಹಚ್ಚಿಕೊಂಡರು. ಹೇಳಿಕೊಟ್ಟರೆ ಪರೀಕ್ಷೆಯೇ ಕೆಟ್ಟಂತೆ, ಆದರೂ ಆರು ತಿಂಗಳ ನಂತರ ಇನ್ನೊಮ್ಮೆ ಮಾಡಬಹುದು ಎಂದು ಬರೆದುಕೊಟ್ಟರು. ಬೇರೆ ಬಗೆಯ ಪರೀಕ್ಷೆ ಮಾಡಲು ಬಿಡಿ ಎಂದು ಮೇಡಂ ಕೇಳಿದ್ದಕ್ಕೆ ಆಫೀಸಿನ ಗುಮಾಸ್ತ ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಆ ಆರು ತಿಂಗಳು ನಾನು ನೋಡಬಾರದ್ದನ್ನು ನೋಡಿದೆ. ಅದೇ ಕೌಂಟರಿನಲ್ಲಿ ಅಪ್ಪ ಮಗನಿಗೆ ತಪ್ಪು ಮಾಡುವುದನ್ನು ಕಲಿಸಲು ಕೂತರು. ಮರಿ ಸರಿಯಾಗಿ ಜೋಡಿಸುವನು, ಅಪ್ಪ ಒಂದು ತುಂಡು ತಿರುಗಿಸಿ ಕೆಡಿಸುವರು, "ಹೀಗೇ ಇರ್ಲಿ ಮರಿ, ಸಾಕು" ಎನ್ನುವರು. ಮರಿಯ ಬೆರಳು ಸೀದಾ ಆ ತುಂಡಿಗೇ ಹೋಗುವುದು. ಹತ್ತು ಸಲ, ಇಪ್ಪತ್ತು ಸಲ. ಒಂದು ಸಂಜೆ ತೂಕದಣ್ಣ ಮಗನ ಕೆನ್ನೆಗೆ ಹೊಡೆದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಮರಿ ಅಳಲಿಲ್ಲ, ತನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿಕೊಂಡ, ಇನ್ನೊಂದು ಕೈಯಿಂದ ಆ ತುಂಡನ್ನು ಸರಿ ಮಾಡಿದ. ತೂಕದಣ್ಣ ಒಂಬತ್ತನ್ನೂ ಬಾಚಿ ಗುಜರಿಯವನ ಗಾಡಿಗೆ ಹಾಕಿದರು. ಮರೆತಾನು ಎಂಬ ಆಸೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎರಡು ತಿಂಗಳಿಂದ ತುಂಡು ಕಾಣದೆ ಕಳೆಗುಂದಿದ್ದ ಹುಡುಗ, ಪರೀಕ್ಷೆಯ ಕೋಣೆಯಲ್ಲಿ ಅವುಗಳನ್ನು ಕಂಡು ನಕ್ಕನಂತೆ. ಒಂದೂ ತಪ್ಪಿಲ್ಲ, ಒಂದೂ ತಡವಿಲ್ಲ. ಎಂಬತ್ತಾರು. ಕಾಗದದ ಕೊನೆಗೆ ಆಫೀಸಿನವರು ಹೊಡೆದ ಸೀಲಿನ ಮೇಲೆ ಒಂದು ಸಾಲು: ಸ್ವತಂತ್ರವಾಗಿ ಬದುಕಲು ಸಮರ್ಥ.

ತೂಕದಣ್ಣ ಅದನ್ನು ನನ್ನ ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಇಟ್ಟರು. "ನಾನು ಹೋದ್ಮೇಲೆ ಇವನಿಗೆ ಊಟ ಹಾಕೋರು ಯಾರು ಅಂತ ಎಲ್ಲಾದ್ರೂ ಬರ್ದಿದಾರಾ ನೋಡು ತಂಗಿ. ನಂಗೆ ಕಣ್ಣು ಕಾಣ್ತಿಲ್ಲ."

ನಾನು ಎರಡೂ ಮಗ್ಗುಲು ಓದಿದೆ. "ಇಲ್ಲ ಅಣ್ಣಾ" ಎಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ಅಂಗಡಿ ತೆರೆಯಲಿಲ್ಲ. ಹಿಂದಿನ ಕೋಣೆಗೆ ಹೋಗಿ ನೋಡಿದರೆ ತೂಕದಣ್ಣ ಹಾಸಿಗೆಯಲ್ಲಿ ತಣ್ಣಗಾಗಿದ್ದರು. ಮರಿ ಪಕ್ಕದಲ್ಲಿ ನಿಂತಿದ್ದ, ಅಂಗಿ ತೊಟ್ಟು, ಗುಂಡಿ ಹಾಕಿಸಿಕೊಳ್ಳಲು ಎದೆ ಮುಂದಕ್ಕೆ ಮಾಡಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದನೋ ಯಾರಿಗೆ ಗೊತ್ತು. ಗುಂಡಿಗಳನ್ನು ನಾನು ಹಾಕಿದೆ.

ಹನ್ನೊಂದು ದಿನ ನಮ್ಮ ಮನೆಯಲ್ಲಿಟ್ಟುಕೊಂಡೆ. ಎರಡು ಕೋಣೆ, ಹಾಸಿಗೆ ಹಿಡಿದ ಅತ್ತೆ, ಮಗಳ ಪರೀಕ್ಷೆ. ಕಾರಣಗಳಿಗೆ ಬರವಿರಲಿಲ್ಲ. ಈಗ ಅವನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಹನ್ನೆರಡನೇ ದಿನ ನಿರ್ಗತಿಕರ ಆಶ್ರಯಕ್ಕೆ ಕರೆದೊಯ್ದೆ. ಅಲ್ಲಿನ ಗುಮಾಸ್ತ, "ಏನಾದ್ರೂ ಕಾಗದ ಇದೆಯಾ?" ಎಂದು ಕೇಳಿದ. ಇಲ್ಲ ಎನ್ನಬಹುದಿತ್ತು. ಜೀವಮಾನವೆಲ್ಲ ಕಾಗದ ಮುಟ್ಟಿದ ಕೈ, ಇದ್ದದ್ದನ್ನು ಇಲ್ಲ ಎನ್ನಲಿಲ್ಲ. ಚೀಲದಿಂದ ಆ ಸೀಲಿನ ಕಾಗದ ತೆಗೆದುಕೊಟ್ಟು, ಎರಡು ಪ್ರತಿ ಬೇಕೇ ಎಂದು ಬೇರೆ ಕೇಳಿದೆ.

ನೋಡಿ ಬರಲು ಹೋದಾಗ ಅವನು ಅಲ್ಲಿರಲಿಲ್ಲ. ಬಾಗಿಲ ಕಾವಲಿನವನು ನನ್ನ ಮೇಲೆಯೇ ರೇಗಿದ. "ಸಮರ್ಥ ಅಂತ ಬರ್ಕೊಂಡು ಬಂದೋರನ್ನ ಕೂಡಿ ಹಾಕೋ ಹಾಗಿಲ್ಲಮ್ಮ. ಹೋಗ್ತೀನಿ ಅಂದ್ರೆ ಬಿಡ್ಲೇಬೇಕು."

"ಹೋಗ್ತೀನಿ ಅಂದನಾ?"

"ಏನೂ ಅನ್ಲಿಲ್ಲ. ಗೇಟು ತೆರೆದಿತ್ತು, ಹೋದ."

ಅದು ನಾನು ಅವನನ್ನು ಅಲ್ಲಿ ಬಿಟ್ಟುಬಂದ ನಾಲ್ಕನೇ ದಿನವಂತೆ. ನಾನು ಹೋದದ್ದು ಹದಿನಾರನೇ ದಿನ.