ಕಾರಿನ ಹಿಂದೆ ಚೆಲ್ಲಿದ ನೀರು

ನಮ್ಮ ಯಜಮಾನರು ಸೋಮವಾರ ಬೆಳಿಗ್ಗೆ ಕೆಲಸಕ್ಕೆಂದು ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದರೆ ಬರುವುದು ಗುರುವಾರ. ಅಲ್ಲಿಯವರೆಗೆ ಇರ್ವಿಂಗಿನ ಈ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಮಾತಿಗೆ ಜನವಿಲ್ಲದೆ ಕುಕ್ಕರ್ ಕೂಗಿದರೂ "ಬಂದೆ ಇರು ಮಾರಾಯ್ತಿ" ಎನ್ನುವಷ್ಟಾಗಿತ್ತು. ದೇವಸ್ಥಾನಕ್ಕೆ ಹೋದರೆ ಕನ್ನಡದವರು ಸಿಗುತ್ತಾರೆ, ನಿಜ. ಆದರೆ ಎಲ್ಲರೂ ಕೇಳುವುದು ಒಂದೇ: "ಮಕ್ಕಳು ಯಾವ ಸ್ಕೂಲು? ಒಳ್ಳೆ ಸ್ಕೂಲಿರೋ ಕಾಪೆಲ್‌ಗೆ ಶಿಫ್ಟ್ ಆಗಲ್ವಾ?" ನಮಗೆ ಮಕ್ಕಳಿಲ್ಲ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕ್ರಮೇಣ ಹೋಗುವುದನ್ನೇ ಬಿಟ್ಟೆ.

ಎದುರು ಮನೆಯ ಅಜ್ಜಿ ಇರಾನಿನವರು. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಅವರೂ ಒಬ್ಬರೇ. ನನಗೆ ಫಾರಸಿ ಬಾರದು, ಅವರ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ದಿನಾ ಮಧ್ಯಾಹ್ನ ಸೇರುತ್ತಿದ್ದೆವು. ಅವರು ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಹಾಲಿಲ್ಲದ ಚಹಾ ಹೀರುವರು. ನನಗೆ ನನ್ನ ಫಿಲ್ಟರ್ ಕಾಫಿ. ಅವರ ಊರು ಬೆಟ್ಟದ ಬುಡದ ಪುಟ್ಟ ಹಳ್ಳಿ. ಬೆರಳು ಒದ್ದೆ ಮಾಡಿಕೊಂಡು ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು: ಇದು ಕಾಲುವೆ, ಇದು ಅಕ್ರೋಟಿನ ಮರ, ಇದು ಹಣ್ಣು ಒಣಹಾಕುವ ಮಣ್ಣಿನ ಮಾಳಿಗೆ, ಇದು ಊರಿಂದ ಹೊರಗೆ ಹೋಗುವ ಒಂದೇ ದಾರಿ. ಒದ್ದೆ ಆರುವುದರೊಳಗೆ ಊರು ನೋಡಿ ಮುಗಿಸಬೇಕು.

ಒಂದು ಸೋಮವಾರ ನಮ್ಮ ಯಜಮಾನರು ಕಾರು ಹತ್ತುವ ಹೊತ್ತಿಗೆ ಅಜ್ಜಿಯೂ ಹೊರಗಿದ್ದರು. ಅಜ್ಜಿ ಒಳಗಿಂದ ಬಟ್ಟಲಲ್ಲಿ ನೀರು ತಂದವರೇ, ಕಾರು ಹೊರಟದ್ದೇ ತಡ, ಅದರ ಹಿಂದೆ ಚೆಲ್ಲಿಬಿಟ್ಟರು! ನಮ್ಮಲ್ಲಿ ಮನೆಯವರು ಹೊರಟ ಕೂಡಲೇ ಕಸ ಗುಡಿಸುವುದಿಲ್ಲ, ಬಾಗಿಲಿಗೆ ನೀರು ಹಾಕುವುದಿಲ್ಲ. ಹಿಂದೆಯೇ ನೀರು ಹೊಯ್ಯುವುದು ಹೆಣ ಎತ್ತಿದ ಮೇಲೆ, ಮನೆ ತೊಳೆಯುವುದಕ್ಕೆ.

"ಅಯ್ಯೋ, ಏನ್ ಮಾಡಿದ್ರಿ ಅಜ್ಜಿ! ಬಿಡ್ತು ಅನ್ನಿ, ಬಿಡ್ತು ಅನ್ನಿ!" ಎಂದು ಕನ್ನಡದಲ್ಲೇ ಕೂಗಿದೆ. ಅವರು ನಗುತ್ತಾ, ಯಾವಾಗಲೂ ಮುದ್ದಿಗೆ ಕರೆಯುವಂತೆ "ಜಾನ್, ಜಾನ್" ಎಂದು ನನ್ನ ಕೆನ್ನೆ ಸವರಲು ಬಂದರು. ಕೊಸರಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಆಸ್ಟಿನ್‌ನಿಂದ ಫೋನ್ ಬರುವವರೆಗೆ ಜೀವದಲ್ಲಿ ಜೀವ ಇರಲಿಲ್ಲ.

"ಪಾಪ, ವಯಸ್ಸಾದೋರು ಬಿಡೇ," ಎಂದರು ಇವರು ಫೋನಿನಲ್ಲಿ.

"ನಿಮಗೇನ್ರೀ, ಕಾರಲ್ಲಿ ಕೂತು ಹೋಗ್ಬಿಡ್ತೀರ. ಇಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿರೋಳು ನಾನು!"

ಗುರುವಾರ ಇವರು ಕ್ಷೇಮವಾಗಿ, ಎಂದಿಗಿಂತ ಬೇಗನೇ ಬಂದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಅಜ್ಜಿ ಬಾಗಿಲು ತಟ್ಟಿದರೂ ತೆಗೆಯದೆ, ಮಧ್ಯಾಹ್ನದ ಕಾಫಿಯನ್ನು ಒಬ್ಬಳೇ ಕುಡಿದು ಒಳಗೊಳಗೇ ಬೇಯುತ್ತಿದ್ದೆ.

ಶನಿವಾರ ಅವರ ಸೊಸೆ ಬಂದಳು. ಗಂಡನಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ನಾಳೆಯೇ ಹೊರಡುತ್ತೇವೆ, ಅತ್ತೆ ನಿಮ್ಮನ್ನು ನೋಡಬೇಕೆಂದು ಅಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತಡೆಯಲಾರದೆ ನೀರಿನ ವಿಷಯ ಕೇಳಿಯೇಬಿಟ್ಟೆ.

ಅವಳು ಬೆರಗಾದಳು. ಅವರ ಹಳ್ಳಿಯಲ್ಲಿ ಯಾರೇ ಪ್ರಯಾಣ ಹೊರಟರೂ ಹಿಂದೆ ನೀರು ಚೆಲ್ಲುತ್ತಾರಂತೆ. ಹೋದವರು ಬೇಗ ವಾಪಸ್ ಬರಲಿ ಅಂತ.

"ಅತ್ತೆ ಊರು ಬಿಡೋ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಪೇಟೆ ಸೇರಿದ್ರು," ಎಂದಳು. "ಬೀಗ ಹಾಕ್ಕೊಂಡು ಕೊನೆಗೆ ಬಂದಿದ್ದು ಇವರೇ. ಹಿಂದೆ ನೀರು ಚೆಲ್ಲೋಕೆ ಯಾರೂ ಇರಲಿಲ್ಲ. ಅದಕ್ಕೇ ತನಗೆ ವಾಪಸ್ ಹೋಗೋಕೆ ಆಗಲಿಲ್ಲ ಅಂತ ಈಗಲೂ ಹೇಳ್ತಾರೆ."

ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಅವರ ಪೆಟ್ಟಿಗೆಗಳನ್ನು ಕಾರಿಗೆ ತುಂಬಿಸುತ್ತಿದ್ದಾಗ ನಾನು ಅಡುಗೆಮನೆಗೆ ಹೋಗಿ ಚೊಂಬಿನ ತುಂಬ ನೀರು ಹಿಡಿದುಕೊಂಡು ಬಂದೆ. ಅಜ್ಜಿ ನನ್ನನ್ನು ಅಪ್ಪಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಕಾರು ಸ್ಟಾರ್ಟ್ ಆಯಿತು. ಕೈ ಮೇಲೇಳಲೊಲ್ಲದು. ನಮ್ಮಮ್ಮ ನೋಡಿದ್ದರೆ ಚೊಂಬು ಕಿತ್ತುಕೊಂಡು ಬೆನ್ನಿಗೆ ಗುದ್ದುತ್ತಿದ್ದಳು. ಅಜ್ಜಿ ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು, ನನ್ನ ಮುಖವನ್ನಲ್ಲ, ಚೊಂಬನ್ನು.

ಅಷ್ಟೂ ನೀರು ಚೆಲ್ಲಿದೆ.

"ಹೋಗ್ಬಿಟ್ಟು ಬನ್ನಿ ಅಜ್ಜಿ!" ಎಂದು ಕೂಗಿದೆ. "ಬೇಗ ಬನ್ನಿ. ನನಗಿಲ್ಲಿ ಇನ್ಯಾರೂ ಇಲ್ಲ!"

ಕಾರು ಗೇಟು ದಾಟಿತು. ನೀರು ಅದರ ಹಿಂದೆ ಸ್ವಲ್ಪ ದೂರ ಹರಿದು ನಿಂತಿತು. ಬಿಸಿಲಿಗೆ ಅದು ಆರುವವರೆಗೂ ಚೊಂಬು ಹಿಡಿದು ಅಲ್ಲೇ ನಿಂತಿದ್ದೆ.