ಟಾಪಿಗೆಂದು ತಂದ ಹಗ್ಗ

ನಮ್ಮಪ್ಪ ಬಸ್ಸಿನ ಡ್ರೈವರ್. ಹುಮನಾಬಾದಿನಿಂದ ಬಸವಕಲ್ಯಾಣ, ಬಸವಕಲ್ಯಾಣದಿಂದ ಹುಮನಾಬಾದ್, ಇಷ್ಟೇ ಅವರ ಓಡಾಟ. ಸೈಕಲ್ ಎಂದರೆ ಅವರ ಕಣ್ಣಿಗೆ ಬಸ್ಸಿನ ಟಾಪಿನ ಮೇಲೆ ಹೇರುವ ಸಾಮಾನು. ಕಾಲೇಜಿನ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಸೈಕಲ್ ಮೇಲೆ ಮೈಸೂರಿಗೆ ಹೋಗಿ ಬರುತ್ತೇವೆ ಅಂದಾಗ ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಹೋಗ್ರಿ ಹೋಗ್ರಿ. ತಿರುಗಿ ಬರಾಗ ನಿಮ್ಮ ಸೈಕಲ್ ನನ್ನ ಬಸ್ಸಿನ ಟಾಪಿನ ಮ್ಯಾಲೇ ಇರತಾವ" ಅಂದರು.

ನಾನೂ ಅವರದೇ ರಕ್ತ. "ತುಳಕೊಂತ ಊರಾಗ ಬಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಸ್ಟ್ಯಾಂಡಿನಾಗ ಎಲ್ಲಾರ ಮುಂದ ಸಲಾಂ ಹೊಡಿತೇನಿ. ಆದ್ರ ನಾಕೂ ಮಂದಿ ತುಳಕೊಂತ ಬರಬೇಕು. ಒಂದ್ ಸೈಕಲ್ ಟಾಪ್ ಏರಿದ್ರೂ ನೀವು ಸೋತಂಗ."

ಮೈಸೂರಿನ ಅರಮನೆ ನೋಡುವಾಗಲೂ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮೂರು ಬಸವಕಲ್ಯಾಣದ ಬಸ್ ಸ್ಟ್ಯಾಂಡ್. ಆ ಸಲಾಂ ನನಗೆ ಬೇಕಾಗಿತ್ತು.

ವಾಪಸ್ಸು ಬರುತ್ತ ಹುಮನಾಬಾದ್ ಮುಟ್ಟಿದಾಗ ನಮ್ಮ ಮುಖ ನಮಗೇ ಗುರುತು ಸಿಗುತ್ತಿರಲಿಲ್ಲ. ಕುಂಡಿಯ ಕಥೆ ಹೇಳುವುದೇ ಬೇಡ. ಕಾಳಿನ ಬಜಾರಿನಲ್ಲಿ ಚಹಾ ಕುಡಿದು, ನಮ್ಮಲ್ಲೊಬ್ಬನಾದ ದರ್ಜಿಯ ಮಗ "ಮುಗೀತು, ಇನ್ನ ಮನಿ ಬಂದಂಗs" ಅಂದ. ನಾಲಗೆಯ ಮೇಲೆ ಮಚ್ಚೆ ಇತ್ತೋ ಏನೋ, ರಾಜೇಶ್ವರ ದಾಟಿದ್ದೇ ತಡ ನನ್ನ ಹಿಂದಿನ ಗಾಲಿ ಸುಯ್ಯೆಂದು ಕೂತಿತು. ಟ್ಯೂಬು ಎಳೆದು ನೋಡಿದರೆ ವಾಲ್ವಿನ ಬುಡವೇ ಹರಿದಿದೆ. ಅಲ್ಲಿ ಪಂಕ್ಚರ್ ತೇಪೆ ಕೂರುವುದಿಲ್ಲ. ಬೇರೆ ಟ್ಯೂಬು ದಾರಿಯಲ್ಲೇ ಮುಗಿದುಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ಇಡೀ ನಾಡು ದಾರಿ ಬಿಟ್ಟಿತ್ತು, ನಮ್ಮೂರ ರಸ್ತೆ ಬಿಡಲಿಲ್ಲ. ತಳ್ಳಿಕೊಂಡು ಹೋದರೆ ತುಳಿದಂತಾಗುವುದಿಲ್ಲ. ಸಿಟ್ಟಿಗೆ ಸೈಕಲ್ಲನ್ನೇ ಒದ್ದೆ. ಹೆಬ್ಬೆರಳು ನೊಂದದ್ದು ನನ್ನದೇ.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಅಪ್ಪನ ಬಸ್ಸು! ಅವರು ಇಳಿದು ಬಂದರು. ಹೆಗಲ ಮೇಲೆ ಪುಂಡಿನಾರಿನ ಹೊಸ ಹಗ್ಗದ ಸುರುಳಿ.

"ನೀವು ಇವತ್ತ ಬರಾಕತ್ತೀರಂತ ಗುಲ್ಬರ್ಗಾ ಬಸ್ಸಿನ ಡ್ರೈವರ್ ಹೇಳಿದ. ಸೈಕಲ್ ಕಟ್ಟಾಕ ಬೇಕಾಗ್ತದಂತ ಮುಂಜಾನೇನs ತಗೊಂಡಿಟ್ಟೀನಿ" ಎಂದು ನಕ್ಕರು. ಕಂಡಕ್ಟರ್ ಆಗಲೇ ಟಾಪಿನ ಏಣಿ ಹತ್ತಿದ್ದ.

ಗೆಳೆಯರು ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ಹಗ್ಗ ನೋಡಿದೆ. ಕೊಹಿನೂರಿನ ನಮ್ಮ ಸೋದರಮಾವ ಟ್ಯೂಬಿಲ್ಲದ ಸೈಕಲ್ ಟೈರಿನಲ್ಲಿ ಹುಲ್ಲು ತುಂಬಿಕೊಂಡು ತುಳಿಯುತ್ತ ಹೊಲಕ್ಕೆ ಹೋಗುತ್ತಿದ್ದದ್ದು ನೆನಪಾಯಿತು. ಹುಲ್ಲು ಆಗುತ್ತದೆಂದರೆ ಹಗ್ಗ ಯಾಕೆ ಆಗಬಾರದು?

"ಹಗ್ಗ ಇತ್ತ ಕೊಡ್ರಿ ಅಪ್ಪಾ."

"ಕಂಡಕ್ಟರ್ ಕಟ್ತಾನ, ನೀ ಬಸ್ ಏರು."

"ಟಾಪಿಗಲ್ರಿ. ಟೈರಿಗೆ."

ಅಪ್ಪನ ನಗು ನಿಂತಿತು. ಹಗ್ಗ ಅವರದು, ಕೊಡುವುದಿಲ್ಲ ಅಂದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಿಟಕಿಯಿಂದ ಒಬ್ಬ ಮುದುಕಿ, "ಡ್ರೈವರಣ್ಣಾ, ನನ್ನ ಎಮ್ಮಿ ಹಿಂಡೋದದ, ಲಗೂ ನಡಿಯಪ್ಪಾ" ಎಂದು ಕೂಗಿದಳು.

ಅಪ್ಪ ತಿರುಗಿ, "ಜರಾ ತಡಿ ಆಯಿ. ಈ ಹುಡುಗ್ರು ಮೈಸೂರಿಂದ ತುಳಕೊಂತ ಬಂದಾರ!" ಎಂದು ಹಗ್ಗವನ್ನು ನನ್ನ ಕೈಗಿಟ್ಟರು. ಅವರ ದನಿಯಲ್ಲಿ ಅಷ್ಟು ಹೆಮ್ಮೆ ನಾನು ಅದುವರೆಗೆ ಕೇಳಿರಲಿಲ್ಲ.

ಹಗ್ಗವನ್ನು ಟೈರಿನೊಳಗೆ ತುರುಕತೊಡಗಿದೆ. ಅಪ್ಪನಿಗೆ ನೋಡಿ ತಡೆಯಲಾಗಲಿಲ್ಲ. "ಹಂಗ ತುರುಕಿದ್ರ ದಿಬ್ಬ ಆಗ್ತದ. ಸರಿ ಆಕಡಿ!" ಎಂದು ಖಾಕಿ ಬಟ್ಟೆಯಲ್ಲೇ ಧೂಳಿನಲ್ಲಿ ಕೂತು, ಹಗ್ಗವನ್ನು ರಿಮ್ಮಿಗೆ ಎಳೆದೆಳೆದು ಬಿಗಿಯಾಗಿ ಸುತ್ತಿ, ಮೇಲೆ ಟೈರು ಕೂರಿಸಿದರು. ಎದ್ದು ಕೈ ಜಾಡಿಸಿಕೊಂಡು, "ಊರು ಇನ್ನಾ ದೂರ ಅದ. ಸಲಾಂ ಇನ್ನಾ ಹೊಡದಿಲ್ಲ" ಎಂದು ಬಸ್ಸು ಬಿಟ್ಟುಕೊಂಡು ಹೋದರು.

ಗಾಳಿಯಿಲ್ಲದ ಗಾಲಿ ಗಡಗಡ ಅನ್ನುತ್ತ ಉರುಳಿತು. ರಸ್ತೆಯ ಒಂದೊಂದು ಕಲ್ಲೂ ಹಲ್ಲಿನ ತನಕ ಬಂದು ಮಾತಾಡಿಸಿ ಹೋಯಿತು. ಆದರೂ ಸಸ್ತಾಪುರ ಬಂಗ್ಲೆಯ ಹತ್ತಿರ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದಾಗ ನಾವು ನಾಲ್ವರೂ ಹುಚ್ಚರಂತೆ ಕೂಗಾಡಿದೆವು. ಹೊಲದಲ್ಲಿದ್ದವರು ಏನಾಯಿತೋ ಎಂದು ಎದ್ದು ನಿಂತರು.

ಬಸ್ಸಿನಲ್ಲಿ ಹೋದವರು ಸುದ್ದಿ ಹಬ್ಬಿಸಿದ್ದರು. ಸ್ಟ್ಯಾಂಡಿನ ತುಂಬ ಜನ. ಎಮ್ಮೆಯ ಮುದುಕಿ ಕೂಡ ಮನೆಗೆ ಹೋಗಿರಲಿಲ್ಲ! ನಡುವೆ ಅಪ್ಪ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಸೈಕಲ್ ನಿಂತ ಕೂಡಲೇ ಹಣೆಗೆ ಕೈ ಹಚ್ಚಿ ನಾಲ್ವರಿಗೂ ಒಬ್ಬೊಬ್ಬರಿಗೇ ಸಲಾಂ ಹೊಡೆದರು. ನನ್ನ ಸರದಿ ಬಂದಾಗ ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ?

ಆಮೇಲೆ ಅಪ್ಪ ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ನೋಡ್ರಿ, ಎಲ್ಲೆರೆ ಸಡ್ಲ ಆಗೇದೇನು? ನಾ ಸುತ್ತಿದ್ದು!" ಎಂದು ಸುತ್ತಲಿನವರಿಗೆಲ್ಲ ತೋರಿಸಿದರು. ಸೋತವರ ಜಂಬ ಗೆದ್ದವರದ್ದಕ್ಕಿಂತ ದೊಡ್ಡದಿತ್ತು.

ಅಲ್ಲಿಂದ ಮನೆಯ ತನಕ ಆ ಸೈಕಲ್ ತುಳಿದವರು ಅಪ್ಪ. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದೆ.