ಹೊಲಿಗೆ ಮಿಷನ್ ಮೇಲಿನ ಹೆಸರು

ಎಂಬತ್ತರ ದಶಕದಲ್ಲಿ ನಾನು ಕೊಡಿಗೇಹಳ್ಳಿಯಲ್ಲಿ ಹೆಂಗಸರಿಗೆ ಪುಕ್ಕಟೆ ಹೊಲಿಗೆ ಕಲಿಸೋ ಸಂಘ ನಡೆಸ್ತಿದ್ದೆ. ಬೆಂಗಳೂರಲ್ಲಿದ್ದ ಬೆರಳೆಣಿಕೆಯ ಯೆಹೂದಿ ಕುಟುಂಬಗಳು, ತಾವು ಪ್ರಾರ್ಥನೆಗೆ ಸೇರ್ತಿದ್ದ ಮನೆಯ ದಾನದ ಡಬ್ಬಿಯಲ್ಲಿ ಕೂಡಿಟ್ಟ ಕಾಸಿನಿಂದ ನಮಗೊಂದು ಹೊಲಿಗೆ ಮಿಷನ್ ಕೊಡಿಸಿದರು. ನಮ್ಮ ಪದ್ಧತಿ ಬಿಡೋಕಾಗುತ್ತಾ? ಅದರ ಮೇಲೆ ‘ಯೆಹೂದಿ ಬಾಂಧವರ ದಾನ’ ಅಂತ ದಪ್ಪಕ್ಷರದಲ್ಲಿ ಬರೆಸಿದೆ.

ನೋಡೋಕೆ ಬಂದ ಅವರ ಹಿರಿಯರ ಮುಖ ಸಪ್ಪಗಾಯ್ತು. “ಅಳಿಸಿಬಿಡಿ,” ಅಂದರು.

“ಯಾಕೆ ಸಾರ್, ಕೊಟ್ಟೋರ ಹೆಸರು ಬೇಡ್ವಾ?”

“ಹೊಲಿಯೋರು ತಲೆ ಬಗ್ಗಿಸ್ಲೇಬೇಕು ಕಣ್ರೀ. ಬಟ್ಟೆಗೆ ಬಗ್ಗಿಸ್ಲಿ, ನಮ್ಮ ಹೆಸರಿಗೆ ಬೇಡ.”

ಸೀಮೆಎಣ್ಣೆ ಹಾಕಿ ನಾನೇ ಉಜ್ಜಿದೆ. ಹೊರಡುವಾಗ ಅವರು ಬಾಗಿಲ ಮೇಲಿನ ಬೋರ್ಡ್ ನೋಡಿ ಸುಮ್ಮನೆ ನಕ್ಕರು. ಅಲ್ಲಿ ‘ಸ್ಥಾಪಕರು’ ಅಂತ ನನ್ನ ಹೆಸರಿತ್ತು. ಏನ್ಮಾಡೋದು, ಅಷ್ಟೊತ್ತಿಗೆ ಸೀಮೆಎಣ್ಣೆ ಮುಗಿದಿತ್ತು.